ಹೊಸ ಭಾಗ, ಹಳೆಯ ಯಂತ್ರ: ದೋಷ ಹುಡುಕುವ ವಿದ್ಯೆ

ಯಂತ್ರವು ನೆಟ್ಟಗೆ ನಡೆಯುತ್ತಿರುವವರೆಗೆ ಅದರ ಒಡಲಿನಲ್ಲಿ ಏನಿದೆಯೆಂದು ಕೇಳುವವರು ವಿರಳ. ಬಾವಿಯ ಪಂಪು ನೀರೆತ್ತುತ್ತಿರುವಾಗ ಅದರ ತಂತಿಯ ಸುರುಳಿಯನ್ನು ನೆನೆಯುವ ರೈತನಿಲ್ಲ. ಗಡಿಯಾರವು ಸರಿಯಾದ ಹೊತ್ತನ್ನು ತೋರುತ್ತಿರುವಾಗ ಅದರ ಹಲ್ಲುಗಾಲಿಗಳನ್ನು ಎಣಿಸುವ ಗೃಹಸ್ಥನಿಲ್ಲ. ಅದು ನಿಂತ ಗಳಿಗೆಯಿಂದ ಮಾತ್ರ ನಮ್ಮ ಕುತೂಹಲವು ಮೊದಲಾಗುವುದು. ಈ ದೃಷ್ಟಿಯಿಂದ ನೋಡಿದರೆ ನಡೆಯುವ ಯಂತ್ರವು ಸೇವಕ, ಕೆಟ್ಟ ಯಂತ್ರವು ಗುರು. ಆದರೆ ಈ ಗುರುವಿನ ಪಾಠವನ್ನು ಕೇಳುವ ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂಬುದೇ ಪ್ರಶ್ನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಂತಹ ನಮ್ಮ ಊರುಗಳಲ್ಲಿ ಈಗ ಕಂಪ್ಯೂಟರು ಅಪರೂಪದ ವಸ್ತುವಲ್ಲ. ಆದರೆ ಅನೇಕ ಮನೆಗಳಲ್ಲಿರುವುದು ಹಳೆಯ ಯಂತ್ರ. ಎಲ್ಲಿಯೋ ಕಚೇರಿಯೊಂದರಲ್ಲಿ ದುಡಿದು, ಎರಡನೆಯ ಕೈಗೆ ಬಂದು, ತೊಗರಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿದ ಮೇಲೆ, ಈ ಹಳೆಯ ಯಂತ್ರಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಮನೆಮನೆಯಲ್ಲಿಯೂ ಎದ್ದಿದೆ. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದವರು ಹಳೆಯದಕ್ಕೇ ಇನ್ನೊಂದು ರ‍್ಯಾಮ್ ಸೇರಿಸುವರು. ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಕೂಡಿಸುವರು. ಉತ್ಸಾಹಿಗಳಾದ ತರುಣರು ಗ್ರಾಫಿಕ್ಸ್ ಕಾರ್ಡನ್ನೂ ಹಾಕುವರು. ಇದು ವಿವೇಕದ ಕೆಲಸವೇ ಸರಿ. ಮಿನಿಟಿಗೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಬೇಕಾದ ಅಕ್ಷರವು ಓದುವ ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆ ಇಲ್ಲ. ಮುದಿ ಯಂತ್ರವು ಮತ್ತೆ ಚುರುಕಾಗುವುದು ಇದರಿಂದಲೇ.

ಆದರೆ ಹೊಸ ಭಾಗವನ್ನು ಕೂಡಿಸಿದ ಕೂಡಲೇ ಎಲ್ಲವೂ ಸುಸೂತ್ರವಾಗಿ ನಡೆಯುವುದೆಂಬ ಭರವಸೆಯೇನೂ ಇಲ್ಲ. ಗುಂಡಿಯನ್ನು ಒತ್ತಿದರೆ ಫ್ಯಾನು ತಿರುಗುವುದು, ಪರದೆಯ ಮೇಲೆ ಮಾತ್ರ ಏನೂ ಮೂಡದು. ಅಥವಾ ಯಂತ್ರವು ಎದ್ದು ಹತ್ತು ನಿಮಿಷದಲ್ಲಿ ತಾನೇ ಆರಿಹೋಗುವುದು. ಇಂತಹ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಒಂದು, ಸಿಕ್ಕ ಸಿಕ್ಕ ತಂತಿಯನ್ನು ಎಳೆದು ಚುಚ್ಚಿ, ದೈವದ ಮೇಲೆ ಭಾರ ಹಾಕುವುದು. ಇನ್ನೊಂದು, ಯಂತ್ರವನ್ನು ಹೊತ್ತು ಕಲಬುರಗಿಗೋ ಹೈದರಾಬಾದಿಗೋ ಓಡಿ, ಅಂಗಡಿಯವನು ಹೇಳಿದ ಭಾಗವನ್ನು ಕೊಳ್ಳುವುದು. ಮೂರನೆಯ ದಾರಿಯೊಂದಿದೆ, ಅದು ವಿಜ್ಞಾನದ ದಾರಿ. ಆ ದಾರಿಯಲ್ಲಿ ನಡೆಯಲು ಬೇಕಾದುದು ದುಬಾರಿ ಉಪಕರಣವಲ್ಲ, ಕ್ರಮವಾದ ಆಲೋಚನೆ. ನಮ್ಮ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಪ್ರಯೋಗಶಾಲೆಯ ಪಾಠವೆಂದೇ ಕಲಿಸಬೇಕೆಂಬುದು ಈ ಲೇಖನದ ವಾದ.

ಮೊದಲು ಒಂದು ದೃಷ್ಟಾಂತ. ಚಿಂಚೋಳಿಯ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಯಂತ್ರಕ್ಕೆ ಹೊಸ ರ‍್ಯಾಮ್ ಹಾಕಿದನು. ಮರುದಿನ ಬಂದು, “ಸರ್, ರ‍್ಯಾಮ್ ಹಾಕಿದ ಮ್ಯಾಲ ಇಂಟರ್ನೆಟ್ ಬಂದ್ ಆಗ್ಯಾದ್ರಿ. ಅಂಗಡ್ಯಾಗ ಕೇಳಿದ್ರ ಬೋರ್ಡ್ ಹೋಗ್ಯಾದ ಅಂದ್ರು” ಎಂದು ದುಗುಡಪಟ್ಟನು. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವ ಕಡೆಯ ದಿನವು ಹತ್ತಿರವಿತ್ತು. ಹೊಸ ಬೋರ್ಡನ್ನು ಕೊಳ್ಳುವ ಮೊದಲು ಯಂತ್ರವನ್ನು ನೋಡೋಣವೆಂದು ಕುಳಿತೆವು. ಪರದೆಯ ಮೂಲೆಯಲ್ಲಿದ್ದ ತಾರೀಖು ಹಲವು ವರ್ಷ ಹಿಂದಿನದಾಗಿತ್ತು! ಅಲ್ಲಿಂದ ಕಾರಣದ ಎಳೆಯು ತಾನಾಗಿ ಬಿಚ್ಚಿಕೊಂಡಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ 3 ವೋಲ್ಟಿನ ಒಂದು ಸಣ್ಣ ಸೆಲ್ ಇರುತ್ತದೆ. ಗೋಡೆಯ ವಿದ್ಯುತ್ತು ಇಲ್ಲದಿರುವಾಗ ಯಂತ್ರದ ಗಡಿಯಾರವನ್ನು ನಡೆಯಿಸುವುದು ಅದೇ. ಆ ಸೆಲ್ ಎಂದೋ ಬರಿದಾಗಿತ್ತು. ಪ್ಲಗ್ಗು ಸದಾ ಗೋಡೆಯಲ್ಲಿಯೇ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ರ‍್ಯಾಮ್ ಹಾಕುವ ಸಲುವಾಗಿ ಪ್ಲಗ್ಗನ್ನು ಕಿತ್ತಾಗ ಗಡಿಯಾರವು ನಿಂತು ಹಿಂದಿನ ತಾರೀಖಿಗೆ ಹೋಯಿತು. ಇಂಟರ್ನೆಟ್ಟಿನ ಸುರಕ್ಷಿತ ತಾಣಗಳೆಲ್ಲ ತಮ್ಮ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತವೆ. ಅದರಲ್ಲಿ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿಯಿರುತ್ತದೆ. ಹಳೆಯ ಕಾಲದಲ್ಲಿ ನಿಂತಿದ್ದ ಯಂತ್ರವು ಆ ಪತ್ರಗಳನ್ನು ನೋಡಿ, ಅವು ಇನ್ನೂ ಜಾರಿಗೆ ಬಂದಿಲ್ಲವೆಂದು ಬಗೆದು, ಬಾಗಿಲು ಮುಚ್ಚಿತು. ಹೊಸ ಸೆಲ್ ಹಾಕಿ, ತಾರೀಖು ತಿದ್ದಿದೊಡನೆ ಎಲ್ಲವೂ ಸರಿಯಾಯಿತು. ಹಲವು ಸಾವಿರ ರೂಪಾಯಿಯ ಬೋರ್ಡಿನ ಜಾಗದಲ್ಲಿ ಕೆಲವೇ ರೂಪಾಯಿಯ ಸೆಲ್!

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಸ ರ‍್ಯಾಮ್ ನಿರಪರಾಧಿ. ಆದರೆ ಅದನ್ನು ಹಾಕುವ ಕ್ರಿಯೆಯು ನಿರಪರಾಧಿಯಲ್ಲ. ಕಾಗೆ ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದು ಕರೆದರು. ‘ಅದಾದ ಮೇಲೆ ಇದಾಯಿತು, ಆದುದರಿಂದ ಅದರಿಂದಲೇ ಇದಾಯಿತು’ ಎಂಬ ತರ್ಕವು ತಪ್ಪು. ಆದರೆ ‘ಅದಾದ ಮೇಲೆ ಇದಾಯಿತು’ ಎಂಬ ಸಂಗತಿಯನ್ನೇ ಕಡೆಗಣಿಸುವುದೂ ತಪ್ಪು. ಹೊಸ ಭಾಗವನ್ನು ಕೂಡಿಸಿದೆವೆಂದು ಒಂದು ಮಾತಿನಲ್ಲಿ ಹೇಳಿದರೂ ಅದರಲ್ಲಿ ಅನೇಕ ಕ್ರಿಯೆಗಳು ಅಡಕವಾಗಿವೆ: ಪ್ಲಗ್ಗನ್ನು ಕಿತ್ತೆವು, ಯಂತ್ರವನ್ನು ಎತ್ತಿ ಮಲಗಿಸಿದೆವು, ಮುಚ್ಚಳ ತೆರೆದೆವು, ಧೂಳನ್ನು ಕದಡಿದೆವು, ತಂತಿಗಳನ್ನು ಸರಿಸಿದೆವು, ಬೋರ್ಡನ್ನು ಒತ್ತಿದೆವು. ಇವುಗಳಲ್ಲಿ ಪ್ರತಿಯೊಂದೂ ಒಂದು ಬದಲಾವಣೆ. ಪ್ರತಿಯೊಂದೂ ಶಂಕೆಗೆ ಪಾತ್ರ. ಆದುದರಿಂದ ದೋಷಶೋಧಕನ ಮೊದಲನೆಯ ಪ್ರಶ್ನೆಯು ‘ಯಾವುದು ಕೆಟ್ಟಿತು?’ ಎಂಬುದಲ್ಲ, ‘ಏನೇನು ಬದಲಾಯಿತು?’ ಎಂಬುದು. ಆ ಪಟ್ಟಿಯನ್ನು ಕಾಗದದ ಮೇಲೆ ಬರೆಯುವುದೇ ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆ, ಹಳೆಯ ಸ್ಥಿತಿಗೆ ಮರಳುವುದು. ಹೊಸ ಭಾಗವನ್ನು ತೆಗೆದು, ಮೊದಲಿನಂತೆಯೇ ಜೋಡಿಸಿ ನೋಡಬೇಕು. ಆಗ ಯಂತ್ರವು ನಡೆದರೆ ದೋಷವು ಹೊಸ ಭಾಗದಲ್ಲಿದೆ, ಅಥವಾ ಹೊಸದಕ್ಕೂ ಹಳೆಯದಕ್ಕೂ ಹೊಂದಿಕೆಯಿಲ್ಲ. ನಡೆಯದಿದ್ದರೆ ಜೋಡಿಸುವ ಕೆಲಸದಲ್ಲಿಯೇ ಏನೋ ಆಗಿದೆ. ಇದೊಂದೇ ಪರೀಕ್ಷೆಯಿಂದ ಶಂಕಿತರ ಗುಂಪು ಎರಡು ಪಾಲಾಯಿತು. ವಾಡಿಯಿಂದ ಸೇಡಂವರೆಗೆ ರೈಲು ಹಾದಿಯ ಪಕ್ಕದಲ್ಲಿ ಎಳೆದ ತಂತಿಯೊಂದು ಎಲ್ಲಿಯೋ ತುಂಡಾಗಿದೆಯೆಂದು ಭಾವಿಸಿರಿ. ವಾಡಿಯಿಂದ ಮೊದಲ್ಗೊಂಡು ಕಂಬಕಂಬವನ್ನೂ ನೋಡುತ್ತ ಹೋಗುವವನು ದಣಿಯುವನು. ಜಾಣನು ನಡುವೆ ಚಿತ್ತಾಪುರದಲ್ಲಿಳಿದು ಪರೀಕ್ಷಿಸುವನು. ದೋಷವು ಯಾವ ಕಡೆಯದೆಂದು ತಿಳಿದು, ಆ ಭಾಗವನ್ನು ಮತ್ತೆ ಎರಡು ಮಾಡುವನು. 16 ಶಂಕಿತರಿದ್ದರೆ ಹೀಗೆ ಅರ್ಧರ್ಧ ಮಾಡುವ ನಾಲ್ಕು ಪರೀಕ್ಷೆಗಳಲ್ಲಿ ಒಬ್ಬನು ಉಳಿಯುವನು. 1024 ಮಂದಿ ಇದ್ದರೂ ಹತ್ತೇ ಪರೀಕ್ಷೆ ಸಾಕು.

ಮೂರನೆಯ ಹೆಜ್ಜೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ಎರಡು ರ‍್ಯಾಮ್‌ಗಳೂ ಎರಡು ಸ್ಲಾಟುಗಳೂ ಇವೆ ಎನ್ನೋಣ. ಒಂದೊಂದು ರ‍್ಯಾಮನ್ನು ಒಂದೊಂದು ಸ್ಲಾಟಿನಲ್ಲಿ ಒಂಟಿಯಾಗಿ ಹಾಕಿ ನೋಡಿದರೆ ಒಟ್ಟು ನಾಲ್ಕು ಪ್ರಯೋಗಗಳಾದವು. ಒಂದು ರ‍್ಯಾಮ್ ಎರಡು ಸ್ಲಾಟುಗಳಲ್ಲಿಯೂ ಸೋತರೆ ದೋಷವು ಆ ರ‍್ಯಾಮಿನದು. ಎರಡು ರ‍್ಯಾಮ್‌ಗಳೂ ಒಂದೇ ಸ್ಲಾಟಿನಲ್ಲಿ ಸೋತರೆ ದೋಷವು ಆ ಸ್ಲಾಟಿನದು. ನಾಲ್ಕರಲ್ಲಿಯೂ ಗೆದ್ದು, ಎರಡನ್ನೂ ಕೂಡಿಸಿದಾಗ ಮಾತ್ರ ಸೋತರೆ ಅವುಗಳಲ್ಲಿ ಪರಸ್ಪರ ಹೊಂದಾಣಿಕೆಯಿಲ್ಲವೆಂದು ತಿಳಿಯಬೇಕು. ನೋಡಿರಿ, ಕೈಯಲ್ಲಿ ಸ್ಕ್ರೂಡ್ರೈವರೊಂದನ್ನು ಬಿಟ್ಟರೆ ಬೇರೆ ಉಪಕರಣವಿಲ್ಲ. ಆದರೂ ತೀರ್ಮಾನವು ನಿಸ್ಸಂದೇಹವಾದುದು. ಗಡಿಬಿಡಿಯವನು ರ‍್ಯಾಮನ್ನೂ ಸ್ಲಾಟನ್ನೂ ತಂತಿಯನ್ನೂ ಒಟ್ಟಿಗೆ ಬದಲಾಯಿಸಿ, ಯಂತ್ರವು ನಡೆದರೂ ಯಾವುದರಿಂದ ನಡೆಯಿತೆಂದು ಹೇಳಲಾರನು. ಅವನಿಗೆ ಯಂತ್ರವು ದಕ್ಕಿತು, ಜ್ಞಾನವು ದಕ್ಕಲಿಲ್ಲ.

ಕೆಲವೊಮ್ಮೆ ದೋಷವು ಯಾವ ವಸ್ತುವಿನಲ್ಲಿಯೂ ಇರದೆ ಲೆಕ್ಕದಲ್ಲಿಯೇ ಇರುತ್ತದೆ. 8 ಗಿಗಾಬೈಟ್ ರ‍್ಯಾಮ್ ಹಾಕಿದರೂ ಯಂತ್ರವು 4 ಗಿಗಾಬೈಟಿಗಿಂತ ಕಡಿಮೆಯನ್ನೇ ಬಳಸುತ್ತಿದೆ ಎಂದು ದೂರುವವರುಂಟು. ಅಂತಹವರ ಯಂತ್ರದಲ್ಲಿ ಅನೇಕ ವೇಳೆ ಹಳೆಯ 32 ಬಿಟ್ಟಿನ ವಿಂಡೋಸ್ ಇರುತ್ತದೆ. ಅದು ನೆನಪಿನ ಮನೆಗಳಿಗೆ 32 ಅಂಕಿಗಳ ದ್ವಿಮಾನ ಸಂಖ್ಯೆಯಿಂದ ವಿಳಾಸ ಕೊಡುತ್ತದೆ. 2ನ್ನು 32 ಸಲ ಗುಣಿಸಿದರೆ ಬರುವುದು 4,29,49,67,296. ಅಂದರೆ ನಾಲ್ಕು ಗಿಗಾಬೈಟು. ಅದರಲ್ಲಿಯೂ ಕೆಲವು ವಿಳಾಸಗಳು ಬೇರೆ ಭಾಗಗಳಿಗೆ ಮೀಸಲು. ಬೀದಿಯಲ್ಲಿ ಎಂಟು ಮನೆ ಕಟ್ಟಿಸಿ ನಾಲ್ಕಕ್ಕೆ ಮಾತ್ರ ನಂಬರು ಕೊಟ್ಟರೆ ಅಂಚೆಯವನು ಉಳಿದವನ್ನು ಹೇಗೆ ಮುಟ್ಟುವನು? ಇಲ್ಲಿ ಬದಲಾಯಿಸಬೇಕಾದುದು ರ‍್ಯಾಮಲ್ಲ, 64 ಬಿಟ್ಟಿನ ವ್ಯವಸ್ಥೆಯನ್ನು ಹಾಕಬೇಕಾದುದು.

ಇನ್ನು ನಮ್ಮ ಶಾಸ್ತ್ರವಾದ ಭೌತವಿಜ್ಞಾನವು ಈ ಶೋಧನೆಯಲ್ಲಿ ಎಲ್ಲೆಲ್ಲಿ ಕೈಹಿಡಿದು ನಡೆಸುವುದೆಂಬುದನ್ನು ವಿಚಾರಿಸೋಣ.

ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದ ಮೇಲೆ, ಆಟವಾಡುವಾಗ ಮಾತ್ರ ಯಂತ್ರವು ತಟಕ್ಕನೆ ಆರಿಹೋಗುತ್ತದೆ ಎನ್ನಿರಿ. ಕಾರ್ಡಿಗೆ 120 ವಾಟ್ ಶಕ್ತಿ ಬೇಕಾದರೆ 12 ವೋಲ್ಟಿನಲ್ಲಿ 10 ಆಂಪಿಯರು ವಿದ್ಯುತ್ತು ಹರಿಯಬೇಕು. ಸಡಿಲವಾದ, ಕಿಲುಬಿದ ಜೋಡಣೆಯೊಂದು ಈ ದಾರಿಯಲ್ಲಿ ಕೇವಲ 0.05 ಓಮ್ ನಿರೋಧವನ್ನು ಒಡ್ಡಿದರೂ ಓಮನ ನಿಯಮದಂತೆ ಅರ್ಧ ವೋಲ್ಟು ಅಲ್ಲಿಯೇ ಕಳೆಯುವುದು. 5 ವಾಟ್ ಶಾಖವು ಆ ಚಿಕ್ಕ ಜಾಗದಲ್ಲಿ ಹುಟ್ಟುವುದು. 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು, ಅಂದರೆ 0.6 ವೋಲ್ಟಿನಷ್ಟು ಮಾತ್ರ ಏರಿಳಿತಕ್ಕೆ ಎಡೆಯುಂಟು. ಹೀಗಿರುವಲ್ಲಿ ಅರ್ಧ ವೋಲ್ಟಿನ ನಷ್ಟವು ಸಣ್ಣದಲ್ಲ. ಯಂತ್ರವು ಸುಮ್ಮನಿರುವಾಗ ವಿದ್ಯುತ್ತು ಕಡಿಮೆ ಹರಿಯುವುದರಿಂದ ದೋಷವು ಅಡಗಿರುತ್ತದೆ. ದುಡಿಮೆ ಹೆಚ್ಚಿದಾಗ ತಲೆಯೆತ್ತುತ್ತದೆ. ‘ದುಡಿಮೆ ಹೆಚ್ಚಿದಾಗ ಮಾತ್ರ’ ಎಂಬ ಎರಡು ಮೂರು ಪದಗಳೇ ಇಲ್ಲಿ ಶೋಧಕನಿಗೆ ಸುಳಿವು. ಆ ಸುಳಿವಿನಿಂದ ಅವನು ಜೋಡಣೆಯನ್ನೂ ಎಸ್‌ಎಂಪಿಎಸ್ ಎಂದು ನಾವು ಕರೆಯುವ ವಿದ್ಯುತ್ ಪೆಟ್ಟಿಗೆಯ ಸಾಮರ್ಥ್ಯವನ್ನೂ ಮೊದಲು ನೋಡುವನು.

‘ಬೇಸಗೆಯಲ್ಲಿ ಮಾತ್ರ’ ಎಂಬುದು ಇನ್ನೊಂದು ಸುಳಿವು. ಶಾಖದ ಹರಿವು ವಿದ್ಯುತ್ತಿನ ಹರಿವಿನಂತೆಯೇ ಇದೆ. ಪ್ರೊಸೆಸರು ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾಗಿರುವುದೆಂದು ತಿಳಿಯಲು, ಅದು ಹೊರಸೂಸುವ ವಾಟ್‌ಗಳನ್ನು ಉಷ್ಣನಿರೋಧದಿಂದ ಗುಣಿಸಿದರಾಯಿತು. ಪ್ರೊಸೆಸರು 65 ವಾಟ್ ಶಾಖವನ್ನು ಬಿಡುವುದೆಂದೂ ಅದರ ತಂಪುಗಾರಿಕೆಯ ನಿರೋಧವು ವಾಟಿಗೆ 0.6 ಡಿಗ್ರಿಯೆಂದೂ ಇಟ್ಟುಕೊಳ್ಳೋಣ. ವ್ಯತ್ಯಾಸವು 39 ಡಿಗ್ರಿ. ಕೋಣೆಯು 25 ಡಿಗ್ರಿಯಲ್ಲಿರುವ ಊರಿನಲ್ಲಿ ಅದು 64ಕ್ಕೆ ನಿಲ್ಲುವುದು. 43 ಡಿಗ್ರಿಯ ನಮ್ಮ ಮೇ ತಿಂಗಳಿನಲ್ಲಿ 82ಕ್ಕೆ ಏರುವುದು. ಇದನ್ನು ಯಂತ್ರವು ಸೈರಿಸೀತು. ಆದರೆ ನಮ್ಮದು ಸುಣ್ಣಕಲ್ಲಿನ ನಾಡು. ಶಹಾಬಾದಿನ ಹಾಸುಗಲ್ಲಿನ ಗಣಿಗಳೂ ವಾಡಿ, ಮಳಖೇಡ, ಸೇಡಂಗಳ ಸಿಮೆಂಟು ಉದ್ಯಮವೂ ಇದರ ಮೇಲೆಯೇ ನಿಂತಿವೆ. ಕಲ್ಲಿನ ಹುಡಿಯೂ ಎರೆಭೂಮಿಯ ಧೂಳೂ ಕೂಡಿ ತಂಪುಗಾರಿಕೆಯ ಲೋಹದ ರೆಕ್ಕೆಗಳ ಸಂದನ್ನು ತುಂಬಿ, ನಿರೋಧವನ್ನು 0.9ಕ್ಕೆ ಏರಿಸಿದರೆ, ವ್ಯತ್ಯಾಸವು 58.5 ಡಿಗ್ರಿಯಾಗಿ, ಪ್ರೊಸೆಸರು 101.5 ಡಿಗ್ರಿಗೆ ಮುಟ್ಟುವುದು. ಅನೇಕ ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವುವು, ಇಲ್ಲವೆ ಆರಿಹೋಗುವುವು. ಇಲ್ಲಿ ಬೇಕಾದುದು ಹೊಸ ಪ್ರೊಸೆಸರಲ್ಲ, ಒಂದು ಮೆತ್ತನೆಯ ಕುಂಚ! ಪ್ರೊಸೆಸರಿಗೂ ಲೋಹದ ರೆಕ್ಕೆಗೂ ನಡುವೆ ಹಚ್ಚುವ ಪೇಸ್ಟು ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕು. ಏಕೆಂದರೆ ಬಿರುಕಿನಲ್ಲಿ ನುಸುಳುವ ಗಾಳಿಯು ಶಾಖವಾಹಕಗಳಲ್ಲಿ ಬಹಳ ದುರ್ಬಲವಾದುದು.

ಮೂರನೆಯ ಸಂಗತಿ ಸ್ಥಿರ ವಿದ್ಯುತ್ತಿಗೆ ಸೇರಿದುದು. ಮಾಗಿಯ ಒಣಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವಾಗ, ಪಾಲಿಯೆಸ್ಟರ್ ಅಂಗಿ ಕಳೆಯುವಾಗ ಚುರ್ರೆನ್ನುವ ಅನುಭವವು ಎಲ್ಲರಿಗೂ ಆಗಿರುವುದು. ಹಾಗೆ ನಮ್ಮ ಅರಿವಿಗೆ ಬರುವ ಕಿಡಿಗೆ ಸುಮಾರು 3000 ವೋಲ್ಟಾದರೂ ಬೇಕು. ಮನುಷ್ಯದೇಹದ ವಿದ್ಯುದ್ಧಾರಕತೆಯನ್ನು 100 ಪಿಕೊಫ್ಯಾರಡ್ ಎಂದು ಹಿಡಿದರೆ ಅದರಲ್ಲಿರುವ ಶಕ್ತಿಯು ಒಂದು ಮಿಲಿಜೂಲಿನ ಅರ್ಧಕ್ಕಿಂತಲೂ ಕಡಿಮೆ. ಮನುಷ್ಯನಿಗೆ ಇದು ಸೊಳ್ಳೆಯ ಕಡಿತ. ಅತಿಸೂಕ್ಷ್ಮವಾದ ಚಿಪ್ಪಿಗೆ ಸಿಡಿಲು. ಚಿಪ್ಪು ಕೆಡಲು ಕೆಲವು ನೂರು ವೋಲ್ಟೂ ಸಾಕಾಗಬಹುದು. ಅಂದರೆ ನಮಗೆ ತಿಳಿಯದಂತೆಯೇ ನಮ್ಮ ಬೆರಳು ಅದನ್ನು ಕೊಲ್ಲಬಲ್ಲುದು. ಪ್ಲಗ್ಗನ್ನು ಕಿತ್ತ ಮೇಲೆ, ರ‍್ಯಾಮನ್ನು ಮುಟ್ಟುವ ಮೊದಲು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಕೈಯಿಂದ ಮುಟ್ಟುವುದರಿಂದ ನಮಗೂ ಯಂತ್ರಕ್ಕೂ ವೋಲ್ಟು ಸಮನಾಗುತ್ತದೆ. ರ‍್ಯಾಮನ್ನು ಅದರ ಅಂಚಿನಿಂದಲೇ ಹಿಡಿಯಬೇಕೆಂದು ಹೇಳುವುದೂ ಇದಕ್ಕಾಗಿಯೇ.

ಯಂತ್ರದ ಪೆಟ್ಟಿಗೆಯನ್ನು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ನಮ್ಮ ಕಡೆ ಸಾಮಾನ್ಯ. ಹೊಸ ಭಾಗವು ಕೆಟ್ಟಿದೆಯೆಂದು ಹೆದರುವವರಿದ್ದಾರೆ. ಎಸ್‌ಎಂಪಿಎಸ್ಸಿನ ಬಾಗಿಲಲ್ಲಿ ಗದ್ದಲವನ್ನು ಸೋಸುವ ಎರಡು ಸಣ್ಣ ಕೆಪ್ಯಾಸಿಟರುಗಳಿರುತ್ತವೆ. ಒಂದು ಫೇಸ್ ತಂತಿಯಿಂದ ಪೆಟ್ಟಿಗೆಗೆ, ಇನ್ನೊಂದು ನ್ಯೂಟ್ರಲ್ ತಂತಿಯಿಂದ ಪೆಟ್ಟಿಗೆಗೆ. ಮನೆಯಲ್ಲಿ ಅರ್ಥಿಂಗ್ ಸರಿಯಾಗಿದ್ದರೆ ಇವುಗಳ ಮೂಲಕ ಬರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುವುದು. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆಯು 230 ವೋಲ್ಟಿನ ನಡುಮಟ್ಟದಲ್ಲಿ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತಿರುವುದು. ಹರಿಯುವ ವಿದ್ಯುತ್ತು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗೂ ಕಡಿಮೆಯಾದುದರಿಂದ ಜುಮ್ಮೆನ್ನುವುದಷ್ಟೇ. ಬಂಡೆಯ ನೆಲವೂ ಬೇಸಗೆಯಲ್ಲಿ ಒಣಗಿದ ಮಣ್ಣೂ ವಿದ್ಯುತ್ತನ್ನು ಚೆನ್ನಾಗಿ ಸಾಗಿಸವು. ಆದುದರಿಂದ ನಮ್ಮ ಊರುಗಳಲ್ಲಿ ಅರ್ಥಿಂಗಿನ ಗುಂಡಿಗೆ ಹೆಚ್ಚಿನ ನಿಗಾ ಅವಶ್ಯ. ಕಂಪ್ಯೂಟರಿನ ದೋಷವನ್ನು ಹುಡುಕಹೊರಟವನು ಕೊನೆಗೆ ತನ್ನ ಮನೆಯ ದೋಷವನ್ನು ಕಂಡುಕೊಂಡನು! ಅರ್ಥಿಂಗ್ ಸರಿಪಡಿಸುವುದು ಅರಿತ ವಿದ್ಯುತ್ ಕೆಲಸಗಾರನ ಹೊಣೆ. ಅದನ್ನು ಅಲಕ್ಷಿಸಬಾರದು, ಏಕೆಂದರೆ ಮುಂದೊಂದು ದಿನ ನಿಜವಾದ ಸೋರಿಕೆಯಾದರೆ ಕಾಯುವುದು ಅದೇ.

ಹೊಸ ಯಂತ್ರವೊಂದನ್ನು ಸೇರಿಸಿದ ಮೇಲೆ ತಲೆದೋರಿದ ದೋಷವನ್ನು ಕ್ರಮವಾಗಿ ಹುಡುಕಿದುದರಿಂದ ಜಗತ್ತಿಗೇ ಉಪಕಾರವಾದ ಪ್ರಸಂಗವೊಂದುಂಟು. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಅಧ್ಯಾಪಕರಿದ್ದರು. 3 ಮತ್ತು 5, 11 ಮತ್ತು 13 ಇವುಗಳಂತೆ ಎರಡರ ಅಂತರವಿರುವ ಅವಳಿ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಅವರು ಹಲವು ಕಂಪ್ಯೂಟರುಗಳಿಂದ ಲೆಕ್ಕ ಮಾಡಿಸುತ್ತಿದ್ದರು. 1994ರಲ್ಲಿ ಆ ಗುಂಪಿಗೆ ಹೊಸದಾದ ಪೆಂಟಿಯಂ ಯಂತ್ರವನ್ನು ಸೇರಿಸಿದರು. ಜೂನ್ ತಿಂಗಳಿನಲ್ಲಿ ಉತ್ತರಗಳು ಪರಸ್ಪರ ಹೊಂದದಿರುವುದು ಕಂಡುಬಂತು. ಅವರು ಹೊಸ ಯಂತ್ರವನ್ನು ಕೂಡಲೇ ದೂಷಿಸಲಿಲ್ಲ. ತಾವು ಬರೆದ ಕ್ರಮವಿಧಿಯಲ್ಲಿ ದೋಷವಿರಬಹುದೇ, ಮದರ್‌ಬೋರ್ಡಿನ ಇತರ ಚಿಪ್ಪುಗಳಲ್ಲಿ ಇರಬಹುದೇ ಎಂದು ಒಂದೊಂದನ್ನೇ ಪರೀಕ್ಷಿಸಿ ಬದಿಗೆ ಸರಿಸಿದರು. ಅಕ್ಟೋಬರ್ ತಿಂಗಳಿನ ಹೊತ್ತಿಗೆ ಉಳಿದುದು ಒಂದೇ: ಪ್ರೊಸೆಸರಿನ ಭಾಗಾಕಾರವೇ ತಪ್ಪು!

ಈ ತಪ್ಪನ್ನು ತೋರಿಸುವ ಲೆಕ್ಕವೊಂದನ್ನು ವಾಚಕರೂ ಮಾಡಿ ನೋಡಬಹುದು. 4195835ನ್ನು 3145727ರಿಂದ ಭಾಗಿಸಿದರೆ 1.33382 ಎಂದು ಬರಬೇಕು. ದೋಷವುಳ್ಳ ಪೆಂಟಿಯಂ 1.33373 ಎಂದು ಕೊಡುತ್ತಿತ್ತು. ಭಾಗಾಕಾರಕ್ಕಾಗಿ ಚಿಪ್ಪಿನೊಳಗೆ ಬರೆದಿಟ್ಟ ಕೋಷ್ಟಕದ 1066 ಅಂಕಣಗಳಲ್ಲಿ ಐದು ಬಿಟ್ಟುಹೋಗಿದ್ದುವು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತೆಂದು ಇಂಟೆಲ್ ಸಂಸ್ಥೆಯು ಮೊದಲು ಹೇಳಿತು. ಆದರೆ ಜನರ ಆಕ್ಷೇಪವು ಬಲವಾದಾಗ, 1994ರ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಚಿಪ್ಪನ್ನು ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ 47.5 ಕೋಟಿ ಡಾಲರುಗಳನ್ನು ಲೆಕ್ಕದಲ್ಲಿ ಕಳೆದುಕೊಂಡಿತು. ದೊಡ್ಡ ಸಂಸ್ಥೆಯೊಂದನ್ನು ಮಣಿಸಿದುದು ಒಬ್ಬ ಅಧ್ಯಾಪಕರ ಸಿಟ್ಟಲ್ಲ, ನಾಲ್ಕು ತಿಂಗಳ ತಾಳ್ಮೆ. ಅವರು ಗಡಿಬಿಡಿಯಿಂದ ದೂರಿದ್ದರೆ, ‘ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿರಿ’ ಎಂಬ ಒಂದೇ ಮಾತಿನಿಂದ ಅವರನ್ನು ಸುಮ್ಮನಾಗಿಸಬಹುದಾಗಿತ್ತು.

ಈಗ ನಮ್ಮ ಪ್ರಯೋಗಶಾಲೆಗಳ ಕಡೆಗೆ ದೃಷ್ಟಿ ಹಾಯಿಸೋಣ. ಲೋಲಕದಿಂದ ಗುರುತ್ವವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ ಉತ್ತರವು 9.8 ಎಂದು ಮೊದಲೇ ಗೊತ್ತು. ಅಳತೆಯು 9.3 ಎಂದು ಬಂದರೆ ಅವನು ಕಾರಣವನ್ನು ಹುಡುಕುವುದಿಲ್ಲ, ಅಳತೆಯನ್ನೇ ತಿದ್ದುತ್ತಾನೆ. ಪರೀಕ್ಷಕನಿಗೂ ಉತ್ತರ ಗೊತ್ತು, ವಿದ್ಯಾರ್ಥಿಗೂ ಗೊತ್ತು. ಪ್ರಕೃತಿಗೆ ಮಾತ್ರ ಬಾಯಿಯಿಲ್ಲ. ಇಂತಹ ಪ್ರಯೋಗಗಳು ನಿರುಪಯುಕ್ತವೆಂದು ಹೇಳುತ್ತಿಲ್ಲ. ಅಳೆಯುವ ಕೈಚಳಕವನ್ನು ಅವು ಕಲಿಸುತ್ತವೆ. ಆದರೆ ಅವುಗಳಿಂದಲೇ ಸಂಶಯಿಸುವ, ಊಹಿಸುವ, ಊಹೆಯನ್ನು ಒರೆಗೆ ಹಚ್ಚುವ ಮನಸ್ಸು ಬೆಳೆಯದು. ಏಳದಿರುವ ಕಂಪ್ಯೂಟರಿನ ಉತ್ತರವು ಯಾವ ಪುಸ್ತಕದ ಹಿಂಬದಿಯಲ್ಲಿಯೂ ಇಲ್ಲ. ಅದರ ಮುಂದೆ ಅಳತೆಯನ್ನು ತಿದ್ದಿ ಪಾರಾಗಲು ಸಾಧ್ಯವಿಲ್ಲ. ಸರಿಯಾಗಿ ಆಲೋಚಿಸಿದರೆ ಅದು ಏಳುವುದು, ಇಲ್ಲವಾದರೆ ಇಲ್ಲ. ಇಷ್ಟು ನಿಷ್ಪಕ್ಷಪಾತಿಯಾದ ಪರೀಕ್ಷಕನು ಬೇರೆಲ್ಲಿ ದೊರೆಯುವನು?

ಆದುದರಿಂದ ನನ್ನ ಸೂಚನೆ ಇದು. ಹರಾಜಿಗೆ ಕಾಯುತ್ತ ಕೋಣೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರುಗಳಲ್ಲಿ ಎರಡು ಮೂರನ್ನಾದರೂ ನಿಯಮಾನುಸಾರ ಭೌತವಿಜ್ಞಾನದ ಪ್ರಯೋಗಶಾಲೆಗೆ ಕೊಡಬೇಕು. ಅಧ್ಯಾಪಕನು ಒಂದು ದೋಷವನ್ನು ಬೇಕೆಂದೇ ಇಡಲಿ: ಒಂದು ಜೋಡಣೆಯನ್ನು ಸಡಿಲಿಸಲಿ, ಬರಿದಾದ ಸೆಲ್ ಹಾಕಲಿ. ವಿದ್ಯಾರ್ಥಿಯು ಯಂತ್ರವನ್ನು ಸರಿಪಡಿಸಿದುದಕ್ಕಾಗಿ ಮಾತ್ರವಲ್ಲ, ಏನನ್ನು ಏಕೆ ಶಂಕಿಸಿದನು, ಯಾವ ಪರೀಕ್ಷೆಯಿಂದ ಯಾವ ಶಂಕೆಯನ್ನು ನಿವಾರಿಸಿದನು ಎಂದು ಬರೆದ ವಿವರಕ್ಕಾಗಿ ಅಂಕ ಪಡೆಯಲಿ. ದೋಷವನ್ನು ಕಾಣಲಾರದೆ ಹೋದವನೂ ಕ್ರಮವನ್ನು ಬಿಡದಿದ್ದರೆ ಅವನಿಗೂ ಅಂಕವಿರಲಿ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅಂಗಡಿಯ ಕೆಲಸಗಾರನಿಗೆ ಇಷ್ಟು ತರ್ಕಕ್ಕೆ ಪುರಸೊತ್ತೆಲ್ಲಿ ಎಂದು ಕೇಳಬಹುದು. ನಿಜ, ದಿನಕ್ಕೆ ಹತ್ತು ಯಂತ್ರ ನೋಡುವವನು ಭಾಗವನ್ನು ಬದಲಿಸಿ ನೋಡುವುದೇ ಬೇಗದ ದಾರಿಯೆಂದು ತಿಳಿದರೆ ಅವನನ್ನು ನಿಂದಿಸಲಾಗದು. ಅವರಲ್ಲಿ ಅನೇಕರು ಅನುಭವದಿಂದಲೇ ಬಲು ನುರಿತವರು. ಆದರೆ ಅವನ ಹೊತ್ತಿಗೆ ಬೆಲೆಯಿದ್ದಂತೆ ನಮ್ಮ ದುಡ್ಡಿಗೂ ಬೆಲೆಯಿದೆ. ಎರಡನೆಯ ಆಕ್ಷೇಪ, ಇಂಟರ್ನೆಟ್ಟಿನಲ್ಲಿ ಕೇಳಿದರೆ ಉತ್ತರ ದೊರೆಯುವಾಗ ಈ ಶ್ರಮವೇಕೆ ಎಂಬುದು. ಅಲ್ಲಿ ದೊರೆಯುವುದು ಇರಬಹುದಾದ ಇಪ್ಪತ್ತು ಕಾರಣಗಳ ಪಟ್ಟಿ. ನಿಮ್ಮ ಮುಂದಿರುವ ಯಂತ್ರಕ್ಕೆ ಅವುಗಳಲ್ಲಿ ಯಾವುದು ಸಲ್ಲುವುದೆಂದು ಆರಿಸುವವರು ನೀವೇ. ನಿಮ್ಮ ಕೋಣೆಯ ಧೂಳನ್ನೂ ಸೆಕೆಯನ್ನೂ ಬೇರಾರೂ ಕಂಡಿಲ್ಲ. ಮೂರನೆಯದು ಹೆಚ್ಚು ಬಲವಾದ ಆಕ್ಷೇಪ: ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವರು, ಬಿಚ್ಚಲಾಗದ ಯಂತ್ರದಲ್ಲಿ ಏನನ್ನು ಬದಲಿಸಿ ನೋಡುವುದು? ಈ ಮಾತಿನಲ್ಲಿ ಸತ್ಯವಿದೆ. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲನ್ನು ತೆರೆಯಿತು. ಸರಿಪಡಿಸಬಲ್ಲ ಯಂತ್ರವು ಗ್ರಾಹಕನ ಹಕ್ಕೆಂಬ ಭಾವನೆಯು ಬಲಗೊಳ್ಳುತ್ತಿದೆ. ಆದರೆ ಸರಿಪಡಿಸಲು ಬಲ್ಲ ಜನರೇ ಇಲ್ಲದಿದ್ದರೆ ಆ ಹಕ್ಕಿಗೆ ಬೆಲೆಯೇನು? ಬಿಚ್ಚಬಹುದಾದ ಹಳೆಯ ಯಂತ್ರಗಳು ನಮ್ಮಲ್ಲಿ ಇರುವಾಗಲೇ ವಿದ್ಯೆಯನ್ನು ಕಲಿತುಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸುವುದು ಸಲ್ಲದು. ಪ್ಲಗ್ಗನ್ನು ಕೀಳದೆ ಯಾವ ಭಾಗವನ್ನೂ ಮುಟ್ಟಬಾರದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ತೆರೆಯಕೂಡದು. ಅದರೊಳಗಿನ ಕೆಪ್ಯಾಸಿಟರುಗಳಲ್ಲಿ 230ನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 325 ವೋಲ್ಟು ಇರುವುದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ಕೆಲಕಾಲ ಉಳಿದಿರಬಹುದು. ಜಾಣನಾದ ಶೋಧಕನು ತಾನು ಎಲ್ಲಿ ಕೈಯಿಡಬಾರದೆಂಬುದನ್ನು ಮೊದಲು ಕಲಿಯುವನು. ಹಾಗೆಯೇ, ಕೆಲಸಕ್ಕೆ ತೊಡಗುವ ಮೊದಲು ಬೇಕಾದ ಬರೆಹಗಳನ್ನೂ ಚಿತ್ರಗಳನ್ನೂ ಬೇರೊಂದೆಡೆ ನಕಲು ಮಾಡಿಡಬೇಕು. ಭಾಗವು ಹೋದರೆ ಮತ್ತೆ ಕೊಳ್ಳಬಹುದು, ಬರೆದದ್ದು ಹೋದರೆ ಮತ್ತೆ ಬಾರದು.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಎಲ್ಲರೂ ಕಂಪ್ಯೂಟರು ರಿಪೇರಿಯವರಾಗಬೇಕಾಗಿಲ್ಲ. ನಾಳೆ ನಿಮ್ಮಲ್ಲೊಬ್ಬರು ವೈದ್ಯರಾಗಿ ಜ್ವರದ ಕಾರಣವನ್ನು ಹುಡುಕುವಿರಿ. ಒಬ್ಬರು ಎಂಜಿನಿಯರಾಗಿ ಬಿರುಕು ಬಿಟ್ಟ ಸೇತುವೆಯ ಮುಂದೆ ನಿಲ್ಲುವಿರಿ. ಒಬ್ಬರು ಒಣಗಿದ ತೊಗರಿಯ ಹೊಲದಲ್ಲಿ ನಿಂತು, ರೋಗವು ಬೀಜದ್ದೋ ಮಣ್ಣಿನದೋ ನೀರಿನದೋ ಎಂದು ಯೋಚಿಸುವಿರಿ. ಅಲ್ಲೆಲ್ಲ ಬೇಕಾಗುವುದು ಇದೇ ವಿದ್ಯೆ: ಏನು ಬದಲಾಯಿತೆಂದು ಕೇಳುವುದು, ಒಂದೊಂದನ್ನೇ ಪರೀಕ್ಷಿಸುವುದು, ಕಂಡದ್ದನ್ನು ಬರೆದಿಡುವುದು, ಸಾಕ್ಷ್ಯವಿಲ್ಲದೆ ಯಾರನ್ನೂ ಯಾವುದನ್ನೂ ದೂರದಿರುವುದು. ಅಲ್ಲಿ ತಪ್ಪಿದರೆ ತೆರಬೇಕಾದ ಬೆಲೆಯು ದೊಡ್ಡದು. ಮೇಜಿನ ಮೇಲಿನ ಹಳೆಯ ಯಂತ್ರವಾದರೋ ಅದನ್ನು ಕಡಿಮೆ ಬೆಲೆಗೆ ಕಲಿಸಲು ಸಿದ್ಧವಾಗಿದೆ. ಅದು ಮುಂದಿನ ಸಲ ಏಳದೆ ನಿಂತಾಗ, ಹೊತ್ತು ಓಡುವ ಮೊದಲು ಒಂದು ಕಾಗದವನ್ನೂ ಲೇಖನಿಯನ್ನೂ ತೆಗೆದುಕೊಳ್ಳಿರಿ.